ಕೊಂಕಣ ರೈಲ್ವೆಗೆ ಎರಡನೇ ಹಳಿ ಯಾವಾಗ?

ಮುಂಬೈಯಿಂದ ಕರಾವಳಿಯ ನಮ್ಮ ಊರಿಗೆ ಇನ್ನೊಂದು ರೈಲು ಬೇಕು ಎಂದು ಇಲ್ಲಿನ ಕನ್ನಡಿಗರಾದ ನಾವು ಕೇಳುತ್ತಲೇ ಬಂದಿದ್ದೇವೆ. ಸಂಘದವರು ಮನವಿ ಕೊಡುತ್ತಾರೆ, ಸಂಸದರನ್ನು ಕರೆದು ಶಾಲು ಹೊದಿಸುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಅದು ತಪ್ಪಲ್ಲ. ಆದರೆ ಈಗ ಬೇಡಿಕೆಯನ್ನೇ ಬದಲಾಯಿಸಬೇಕು ಅನ್ನಿಸುತ್ತಿದೆ. ಇರುವ ದಾರಿಯಲ್ಲಿ ಇನ್ನೊಂದು ರೈಲು ಓಡಿಸಲು ಜಾಗವೇ ಇಲ್ಲ. ಮೊದಲು ಬೇಕಾಗಿರುವುದು ಇನ್ನೊಂದು ಹಳಿ.

ನಮ್ಮಲ್ಲಿ ತುಂಬಾ ಜನರಿಗೆ ಇದು ಗೊತ್ತೇ ಇಲ್ಲ. ಠಾಣೆ, ಪನ್ವೇಲ್ ದಾಟಿ ರೋಹಾ ತನಕ ಮಧ್ಯ ರೈಲ್ವೆಯ ಜೋಡಿ ಹಳಿ ಇದೆ. ರೋಹಾದಿಂದ ಕೊಂಕಣ ರೈಲ್ವೆ ಶುರು. ಅಲ್ಲಿಂದ ಮಂಗಳೂರಿನ ಹತ್ತಿರದ ತೋಕೂರಿಗೆ ಸುಮಾರು 740 ಕಿಲೋಮೀಟರ್. ಮಹಾರಾಷ್ಟ್ರದಲ್ಲಿ 361, ಗೋವಾದಲ್ಲಿ 105, ಉಳಿದ 273 ನಮ್ಮ ಕರ್ನಾಟಕದಲ್ಲಿ. ಇಷ್ಟುದ್ದದಲ್ಲಿ ಎರಡು ಹಳಿ ಆಗಿರುವುದು ರೋಹಾದಿಂದ ವೀರ್ ಸ್ಟೇಷನ್ ತನಕ, ಬರೀ 46 ಕಿಲೋಮೀಟರ್ ಚಿಲ್ಲರೆ. ಅದೂ 2021ರಲ್ಲಿ. ಮಿಕ್ಕಿದ್ದೆಲ್ಲ ಒಂಟಿ ಹಳಿ. ಹೋಗುವ ರೈಲಿಗೂ ಬರುವ ರೈಲಿಗೂ ಗೂಡ್ಸ್ ಗಾಡಿಗೂ ಲಾರಿ ಹೊತ್ತ ರೋ ರೋ ಗಾಡಿಗೂ ಅದೊಂದೇ.

ಈ ದಾರಿ ಕಟ್ಟಿದವರ ಬಗ್ಗೆ ನನಗೆ ಅಪಾರ ಗೌರವವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1990ರಲ್ಲಿ ನಿಗಮ ಶುರುವಾಯಿತು. ಹಿಂದೆ ನಿಂತವರು ಮಂಗಳೂರಿನವರೇ ಆದ ಆಗಿನ ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮುಂದೆ ನಿಂತು ಕಟ್ಟಿಸಿದವರು ಎಂಜಿನಿಯರ್ ಇ. ಶ್ರೀಧರನ್. 91 ಸುರಂಗ, ಸಣ್ಣದು ದೊಡ್ಡದು ಸೇರಿ ಎರಡು ಸಾವಿರದಷ್ಟು ಸೇತುವೆ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. 1998ರ ಜನವರಿ 26ಕ್ಕೆ ಪೂರ್ತಿ ದಾರಿ ತೆರೆಯಿತು. ಮುಂಬೈ ಮತ್ತು ಮಂಗಳೂರಿನ ನಡುವಿನ ರೈಲು ದೂರ ಒಂದೇ ಏಟಿಗೆ ಸುಮಾರು 1,100 ಕಿಲೋಮೀಟರ್ ಕಡಿಮೆಯಾಯಿತು. ಅದಕ್ಕೆ ಮೊದಲು ಬಸ್ಸಿನಲ್ಲಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಹೋದವರಿಗೆ ಗೊತ್ತು, ಮುಂಬೈ–ಮಂಗಳೂರು ರೈಲು ಮತ್ಸ್ಯಗಂಧ ಶುರುವಾದಾಗ ಎಷ್ಟು ಖುಷಿಯಾಗಿತ್ತು ಅಂತ.

ದುಡ್ಡಿಲ್ಲದ ಕಾಲದಲ್ಲಿ, ಸಾಲಪತ್ರ (ಬಾಂಡ್) ಮಾರಿ ಕಟ್ಟಿದ ದಾರಿ ಅದು. ಒಂಟಿ ಹಳಿ ಹಾಕಿದ್ದನ್ನು ಯಾರೂ ತಪ್ಪು ಎನ್ನುವಂತಿಲ್ಲ. ತಪ್ಪು ಆಮೇಲಿನದು. ಇಷ್ಟು ವರ್ಷದಲ್ಲಿ ಹಳಿಯ ಮೇಲೆ ವಿದ್ಯುತ್ ತಂತಿ ಬಂತು, ಹೊಸ ಹೊಸ ರೈಲು ಬಂತು. ಹಳಿ ಮಾತ್ರ ಅಷ್ಟೇ ಉಳಿಯಿತು.

ಒಂಟಿ ಹಳಿಯಲ್ಲಿ ರೈಲು ಓಡುವುದು ಹೇಗೆ ಎಂದು ಗಮನಿಸಿದ್ದೀರಾ? ಗದ್ದೆಯ ಬದುವಿನ ಮೇಲೆ ಎದುರುಬದುರು ಇಬ್ಬರು ಬಂದರೆ ಒಬ್ಬರು ಇಳಿದು ನಿಲ್ಲಲೇಬೇಕಲ್ಲ, ಹಾಗೆ. ಎದುರಿನಿಂದ ಒಂದು ಗಾಡಿ ಬರುತ್ತಿದೆ ಎಂದರೆ ನಮ್ಮ ಗಾಡಿ ಯಾವುದಾದರೂ ಸಣ್ಣ ಸ್ಟೇಷನ್ನಿನ ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ಸರಿದು ನಿಲ್ಲುತ್ತದೆ. ಮಧ್ಯರಾತ್ರಿ, ಸ್ಟೇಷನ್ನಿನ ಹೆಸರೂ ಕಾಣುವುದಿಲ್ಲ. ಫ್ಯಾನಿನ ಸದ್ದು, ಪಕ್ಕದ ಬರ್ತಿನ ಮಗುವಿನ ಅಳು. ಬಾಗಿಲಲ್ಲಿ ನಿಂತವರು ಯಾರೋ "ಕ್ರಾಸಿಂಗ್ ಇದೆ ಮಾರಾಯ್ರೆ" ಅನ್ನುತ್ತಾರೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಆಮೇಲೆ ದಡದಡ ಎಂದು ಒಂದು ಗಾಡಿ ಪಕ್ಕದಲ್ಲಿ ಹಾದುಹೋಗುತ್ತದೆ. ಇನ್ನೇನು ಹೊರಟಿತು ಅಂದುಕೊಂಡರೆ ಇಲ್ಲ, ಹಿಂದಿನಿಂದ ಇನ್ನೊಂದು ಜೋರು ಗಾಡಿ ಬರುವುದಿದೆ, ಅದಕ್ಕೂ ದಾರಿ ಬಿಡಬೇಕು.

ಇಲ್ಲೇ ನೋಡಿ ಸಮಸ್ಯೆ. 2023ರ ಜೂನ್‌ನಲ್ಲಿ ಮುಂಬೈ–ಮಡಗಾಂವ್ ವಂದೇ ಭಾರತ್ ಬಂತು. ಅದೇ ವರ್ಷದ ಕೊನೆಗೆ ಮಂಗಳೂರು–ಮಡಗಾಂವ್ ನಡುವೆ ಇನ್ನೊಂದು. ಒಳ್ಳೆಯ ರೈಲುಗಳು, ನನಗೇನೂ ತಕರಾರಿಲ್ಲ. ಆದರೆ ಒಂಟಿ ಹಳಿಯಲ್ಲಿ ಒಂದು ರೈಲು ವೇಗವಾಗಿ ಹೋಗಬೇಕಾದರೆ ಉಳಿದವು ನಿಲ್ಲಬೇಕು. ಸ್ಲೀಪರಿನಲ್ಲಿ, ಜನರಲ್ ಬೋಗಿಯಲ್ಲಿ ಕೂತವರ ಸಮಯ ತೆಗೆದು ಎಸಿ ಚೇರ್ ಕಾರಿನವರಿಗೆ ಕೊಟ್ಟಂತಾಯಿತು. ಎರಡು ಹಳಿ ಇದ್ದಿದ್ದರೆ ಇಬ್ಬರೂ ಬೇಗ ತಲುಪುತ್ತಿದ್ದರು.

ಮಳೆಗಾಲದ ವಿಷಯಕ್ಕೆ ಬರೋಣ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಬರುತ್ತಿದ್ದ ರಜೆಯ ವಿಶೇಷ ರೈಲು ವೈಭವವಾಡಿ ಹತ್ತಿರ ಹಳಿ ತಪ್ಪಿ 50ಕ್ಕೂ ಜಾಸ್ತಿ ಜನ ಸತ್ತರು. ಮರುವರ್ಷದ ಜೂನ್‌ನಲ್ಲಿ ಮತ್ಸ್ಯಗಂಧವೇ ಬಂಡೆಗೆ ಬಡಿದು ಸೇತುವೆಯಿಂದ ಕೆಳಗೆ ಬಿತ್ತು. ಅದಾದ ಮೇಲೆ ಗುಡ್ಡಗಳಿಗೆ ಬಲೆ ಹೊದಿಸಿದರು, ಅಂಚುಗಳನ್ನು ಇಳಿಜಾರು ಮಾಡಿ ಕಡಿದರು. ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ವೇಗ ಕಡಿಮೆ. ಪ್ರತಿ ಮಳೆಗಾಲ ಆರುನೂರಕ್ಕೂ ಜಾಸ್ತಿ ಸಿಬ್ಬಂದಿ ಹಳಿ ಕಾಯುತ್ತಾರೆ. ರಾತ್ರಿ ಸುರಿಯುವ ಮಳೆಯಲ್ಲಿ ರೈನ್‌ಕೋಟ್ ಹಾಕಿಕೊಂಡು, ಟಾರ್ಚ್ ಹಿಡಿದು, ಗುಡ್ಡದ ಬುಡದಲ್ಲಿ ಹಳಿಗುಂಟ ನಡೆಯುವ ಆ ಗಸ್ತಿನವರನ್ನು ಕಿಟಕಿಯಿಂದ ನೋಡಿದವರು ಅವರನ್ನು ಮರೆಯಲಾರರು. ನಾವು ಮಲಗಿ ನಿದ್ದೆ ಮಾಡುವುದು ಅವರ ಭರವಸೆಯ ಮೇಲೆ.

ಆದರೂ ಒಂದು ಕಡೆ ಮಣ್ಣು ಕುಸಿದರೆ ಇಡೀ ಕರಾವಳಿಯ ರೈಲು ನಿಂತುಹೋಗುತ್ತದೆ. 2024ರ ಜುಲೈನಲ್ಲಿ ಗೋವಾದ ಪೆರ್ನೆಮ್ ಸುರಂಗದಲ್ಲಿ ಕೆಳಗಿನಿಂದ ಕೆಸರು ನೀರು ಉಕ್ಕಿತು. ವಾರ ತುಂಬುವುದರೊಳಗೆ ಖೇಡ್ ಹತ್ತಿರ ಸುರಂಗದ ಬಾಯಲ್ಲೇ ಗುಡ್ಡ ಜಾರಿತು. ಎಷ್ಟೋ ರೈಲು ರದ್ದು, ಕೆಲವು ಪುಣೆ, ಮೀರಜ್ ಸುತ್ತಿಕೊಂಡು ಹೋದವು. ಊರಲ್ಲಿ ಯಾರಿಗೋ ಹುಷಾರಿಲ್ಲ ಎಂದು ಹೊರಟವರು ಠಾಣೆ ಪ್ಲಾಟ್‌ಫಾರ್ಮಿನಲ್ಲಿ ಬ್ಯಾಗಿನ ಮೇಲೆ ಕೂತು ಖಾಸಗಿ ಬಸ್ಸಿನವರಿಗೆ ಫೋನ್ ಹಚ್ಚುತ್ತಿದ್ದರೆ, ಅಲ್ಲಿ ಟಿಕೆಟ್ ದರ ಆಗಲೇ ಏರಿರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಎರಡನೇ ಹಳಿ ಯಾಕಿಲ್ಲ? ಕಾರಣ ಕೊಂಕಣ ರೈಲ್ವೆ ಒಂದು ನಿಗಮ. ಮಧ್ಯ ರೈಲ್ವೆಯ ಹಾಗೆ ಕೇಂದ್ರ ಬಜೆಟ್ಟಿನಿಂದ ನೇರ ದುಡ್ಡು ಬರುವುದಿಲ್ಲ. ತಾನೇ ದುಡಿಯಬೇಕು, ಸಾಲ ತರಬೇಕು. ಆ ಭಾರ ನಮ್ಮ ಟಿಕೆಟ್ಟಿನಲ್ಲೂ ಇದೆ. ಕೊಂಕಣ ಹಳಿಯ ದೂರವನ್ನು ಶೇಕಡಾ 40ರಷ್ಟು ಜಾಸ್ತಿ ಎಂದು ಲೆಕ್ಕ ಹಿಡಿದು ಪ್ರಯಾಣಿಕರ ದರ ಹಾಕುತ್ತಾರೆ. 2025–26ರಲ್ಲಿ ದೇಶದ ರೈಲ್ವೆಗೆ ಕೇಂದ್ರ ಕೊಟ್ಟದ್ದು 2.52 ಲಕ್ಷ ಕೋಟಿ ರೂಪಾಯಿ. ಇಷ್ಟು ದುಡ್ಡಿರುವ ದೇಶದಲ್ಲಿ, ಜಾಸ್ತಿ ದರ ಕೊಟ್ಟು ಓಡಾಡುವ ಈ ಕರಾವಳಿಯವರಿಗೆ ಒಂದು ಹಳಿ ಹಾಕಲಾಗುವುದಿಲ್ಲ ಎಂದರೆ ನನಗೆ ಸಿಟ್ಟು ಬರುತ್ತದೆ.

ಹಾಗಾಗಿ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ಸೇರಿಸಬೇಕು ಎಂಬ ಮಾತು ಬಂದಾಗ ನಾನು ಅದರ ಪರವಾಗಿ ನಿಂತೆ. ನಿಗಮದಲ್ಲಿ ಪಾಲಿರುವ ಕರ್ನಾಟಕ, ಗೋವಾ, ಕೇರಳ ಒಪ್ಪಿದ್ದವು. 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರವೂ ಒಪ್ಪಿತು. ಕೊಂಕಣ ರೈಲ್ವೆ ಎಂಬ ಹೆಸರು ಉಳಿಯಬೇಕು, ತಾನು ಹಾಕಿದ 396 ಕೋಟಿ ಚಿಲ್ಲರೆ ವಾಪಸು ಬೇಕು ಎಂದು ಷರತ್ತು ಹಾಕಿತು. ಹೆಸರು ಉಳಿಯಲಿ, ಚೆನ್ನಾಗಿಯೇ ಇದೆ.

ಸೇರಿಸುವುದನ್ನು ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ದಾರಿಯನ್ನು ಮೂರು ತುಂಡು ಮಾಡಿ ಮೂರು ವಲಯಕ್ಕೆ ಹಂಚಿದರೆ ಕೆಟ್ಟೆವು. ಮಂಗಳೂರಿನ ಪಾಡು ನಮ್ಮ ಕಣ್ಣ ಮುಂದೆಯೇ ಇದೆ. ಒಂದು ಕಡೆ ಪಾಲಕ್ಕಾಡ್ ವಿಭಾಗ, ಇನ್ನೊಂದು ಕಡೆ ಮೈಸೂರು ವಿಭಾಗ, ಮತ್ತೊಂದು ಕಡೆ ಕೊಂಕಣ. ಒಂದು ರೈಲು ವಿಸ್ತರಿಸಬೇಕಾದರೂ ಮೂರೂ ಬಾಗಿಲು ತಟ್ಟಬೇಕು. ರೋಹಾದಿಂದ ಮಂಗಳೂರು ತನಕ ಒಂದೇ ಆಡಳಿತ ಇರಬೇಕು, ಗುಡ್ಡ, ಮಳೆ, ಸುರಂಗದ ಕೆಲಸ ಗೊತ್ತಿರುವ ಇದೇ ಸಿಬ್ಬಂದಿ ಇರಬೇಕು. ಅದಕ್ಕೆ ನಾವು ಈಗಲೇ ಪಟ್ಟು ಹಿಡಿಯಬೇಕು.

ಎರಡನೇ ಹಳಿ ಎಂದರೆ ಮತ್ತೆ 91 ಸುರಂಗ ಕೊರೆಯಬೇಕಾ, ಅದು ಆಗುವ ಕೆಲಸವಾ ಎಂದು ಕೇಳುವವರಿದ್ದಾರೆ. ಒಮ್ಮೆಗೇ ಬೇಡ. ಸುರಂಗ, ದೊಡ್ಡ ಸೇತುವೆ ಇರುವ ಕಡೆ ಸದ್ಯಕ್ಕೆ ಒಂಟಿ ಹಳಿಯೇ ಇರಲಿ. ನೆಲ ಸಮತಟ್ಟಾಗಿರುವ ಕಡೆ, ಮುಖ್ಯವಾಗಿ ನಮ್ಮ ಕುಂದಾಪುರ, ಉಡುಪಿ, ಮೂಲ್ಕಿ ಕಡೆ ತುಂಡು ತುಂಡಾಗಿ ಜೋಡಿ ಹಳಿ ಹಾಕುತ್ತಾ ಹೋಗಬಹುದು. ಎದುರಾಗುವ ಗಾಡಿಗಳು ಅಲ್ಲಿ ನಿಲ್ಲದೆ ಒಂದನ್ನೊಂದು ದಾಟುತ್ತವೆ. ಇತ್ತೀಚೆಗೆ ಮಿರ್ಜಾನ್, ಇನ್ನಂಜೆಯಂಥ ಕಡೆ ಹೊಸ ಕ್ರಾಸಿಂಗ್ ಸ್ಟೇಷನ್ ಮಾಡಿದ್ದೂ ಇದೇ ದಿಕ್ಕಿನ ಕೆಲಸ. ಅಷ್ಟಕ್ಕೇ ನಿಲ್ಲಬಾರದು.

ಮುಂಬೈಯಲ್ಲಿರುವ ನಮಗೆ ಹಳಿಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಠಾಣೆ–ದೀವಾ ನಡುವಿನ ಐದನೇ, ಆರನೇ ಹಳಿಗೆ 2008ರಲ್ಲಿ ಮಂಜೂರಾತಿ ಸಿಕ್ಕಿತು. ಮುಗಿದದ್ದು 2022ರ ಫೆಬ್ರವರಿಯಲ್ಲಿ. ಡೊಂಬಿವಲಿಯಿಂದ ಲೋಕಲಿನ ಬಾಗಿಲಲ್ಲಿ ಜೋತುಬಿದ್ದು ಹೋಗುವ ನನ್ನಂಥವರು ಆ ವರ್ಷಗಳನ್ನೆಲ್ಲ ಮೈಮೇಲೆ ಅನುಭವಿಸಿದ್ದೇವೆ. ಆ ಹಳಿಗಳು ಬಂದ ಮೇಲೂ 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಜನ ಲೋಕಲಿನಿಂದ ಕೆಳಗೆ ಬಿದ್ದು ಸತ್ತರು. ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವರು ಅವರು. ಜನ ಬೆಳೆಯುವ ವೇಗಕ್ಕೆ ಹಳಿಯೂ ಬೆಳೆಯಲಿಲ್ಲ, ಬೋಗಿಯೂ ಬೆಳೆಯಲಿಲ್ಲ.

ಮುಂಬೈ–ಅಹಮದಾಬಾದ್ ಬುಲೆಟ್ ಟ್ರೇನ್ ಬೇಡ ಎಂದು ನಾನು ಹೇಳುವುದಿಲ್ಲ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಿಂದ (ಬಿಕೆಸಿ) ಶಿಳ್‌ಫಾಟಾ ತನಕ 21 ಕಿಲೋಮೀಟರ್ ಸುರಂಗ, ಅದರಲ್ಲಿ ಏಳು ಕಿಲೋಮೀಟರ್ ಠಾಣೆ ಕೊಲ್ಲಿಯ ಕೆಳಗೆ. ನಮ್ಮ ಎಂಜಿನಿಯರುಗಳು ಅದನ್ನು ಕಲಿಯುತ್ತಿದ್ದಾರೆ ಎಂದರೆ ಹೆಮ್ಮೆಯೇ. ಸಮುದ್ರದ ಕೊಲ್ಲಿಯ ಕೆಳಗೆ ಕೊರೆಯಬಲ್ಲವರಿಗೆ ರತ್ನಾಗಿರಿಯ ಗುಡ್ಡ ಕೊರೆಯುವುದು ಅಸಾಧ್ಯವೇನಲ್ಲ. ಮನಸ್ಸು ಮಾಡಬೇಕು, ದುಡ್ಡು ಎತ್ತಿಡಬೇಕು.

ಮುಂಬೈಯ ಕನ್ನಡ, ತುಳು ಸಂಘಗಳ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಈ ಸಲ ರೈಲ್ವೆ ಮಂತ್ರಿಗಳಿಗೆ ಕೊಡುವ ಮನವಿಯಲ್ಲಿ ಹೊಸ ರೈಲು, ಹೊಸ ನಿಲುಗಡೆಯ ಮಾತು ಕೆಳಗೆ ಇರಲಿ. ಮೇಲೆ ಮೂರು ವಿಷಯ ಬರೆಯೋಣ: ವಿಲೀನಕ್ಕೆ ಒಂದು ದಿನಾಂಕ, ರೋಹಾದಿಂದ ಮಂಗಳೂರಿಗೆ ಒಂದೇ ಆಡಳಿತ, ಮುಂದಿನ ಬಜೆಟ್ಟಿನಲ್ಲಿ ಕರಾವಳಿಯ ಜೋಡಿ ಹಳಿಗೆ ಹಣ. ಕೊಂಕಣಿ, ಮರಾಠಿ, ಮಲಯಾಳಿ ಸಂಘದವರನ್ನೂ ಕರೆಯೋಣ, ಅವರ ಗಾಡಿಯೂ ಇದೇ ಹಳಿಯಲ್ಲಿ ಕ್ರಾಸಿಂಗಿಗೆ ಕಾಯುತ್ತಿದೆ. ಕರಡು ಬರೆಯಲು ನಾನು ಸಿದ್ಧ. ಜೊತೆಗೆ ಬರುವವರು ಕೆಳಗೆ ತಿಳಿಸಿ.