ರೀಸನರ್ ಓಡಿಸಲು ಯಾಕಿಷ್ಟು ಸಂಕೋಚ?

ಪುಣೆಯ ಹಿಂಜವಡಿಯ ಕಂಪನಿಯೊಂದರವರು ಇಂದು ಹೆಮ್ಮೆಯಿಂದ ತೋರಿಸಿದ ವೈದ್ಯಕೀಯ ಆಂಟಾಲಜಿಯನ್ನು (ಪರಿಕಲ್ಪನೆಗಳನ್ನೂ ಅವುಗಳ ಸಂಬಂಧಗಳನ್ನೂ ಯಂತ್ರಕ್ಕೆ ತಿಳಿಯುವಂತೆ ಬರೆದಿಟ್ಟದ್ದು) ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆಂಟಾಲಜಿ ಬರೆಯುವ ತಂತ್ರಾಂಶವಾದ ಪ್ರೊಟೀಜೆಯ ಎಡಬದಿಯಲ್ಲಿ ಕ್ಲಾಸುಗಳ, ಅಂದರೆ ವರ್ಗಗಳ, ಮರ ಸೊಗಸಾಗಿ ಹರಡಿತ್ತು, ಸಭೆ ತಲೆದೂಗಿತು. ಬರೆದದ್ದನ್ನು ತರ್ಕಕ್ಕೆ ಹಚ್ಚಿ ತಪ್ಪು ಹಿಡಿಯುವ ರೀಸನರ್ ತಂತ್ರಾಂಶವನ್ನು ಓಡಿಸಿದ್ದೀರಾ ಎಂದು ನಾನು ಕೇಳಿದಾಗ, ನಮ್ಮ ಧಾರವಾಡದ ಕಡೆಯವರೇ ಆದ ತಂಡದ ಮುಖ್ಯಸ್ಥರು, "ಅದರ ಗರಜ ಬೀಳಲಿಲ್ಲರೀ ಸರ" ಎಂದುಬಿಟ್ಟರು.

ಬರೀ ಮರ ಬರೆಯುವುದಕ್ಕೆ ಎಕ್ಸೆಲ್ ಸಾಕಿತ್ತಲ್ಲವೇ? 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ಪ್ರೊಟೀಜೆಯನ್ನು ಇಂದು ನಾವು ಬಳಸುವುದು, ಬರೆದದ್ದರಲ್ಲಿ ವಿರೋಧವಿದೆಯೇ ಎಂದು ಯಂತ್ರವೇ ಪರೀಕ್ಷಿಸಲಿ ಎಂಬ ಕಾರಣಕ್ಕೆ. 2004ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ಮಾನ್ಯ ಮಾಡಿದ, ಆಂಟಾಲಜಿ ಬರೆಯುವ ಔಲ್ ಭಾಷೆಯ ಬಲವೂ ಅದೇ. ಒತ್ತಾಯಕ್ಕೆ ಮಣಿದು ಅವರು ಹರ್ಮಿಟ್ ಎಂಬ ರೀಸನರ್ ಓಡಿಸಿದರು. ಇನ್ಸುಲಿನ್ ಎಂಬ ಕ್ಲಾಸ್ ಕೆಂಪಾಗಿ, ಯಾವ ವಸ್ತುವೂ ಇರಲಾರದ ವರ್ಗವಾದ 'ನಥಿಂಗ್' ಅಡಿಯಲ್ಲಿ ಹೋಗಿ ಕುಳಿತಿತು. 'ದೇಹ ಸ್ರವಿಸುವ ವಸ್ತು' ಮತ್ತು 'ಔಷಧ' ಇವೆರಡೂ ಪರಸ್ಪರ ಡಿಸ್‌ಜಾಯಿಂಟ್, ಅಂದರೆ ಒಂದೇ ವಸ್ತು ಎರಡರಲ್ಲೂ ಇರಲಾರದು, ಎಂದು ಒಬ್ಬರು ಘೋಷಿಸಿದ್ದರು, ಇನ್ನೊಬ್ಬರು ಇನ್ಸುಲಿನ್ನನ್ನು ಎರಡರ ಅಡಿಯಲ್ಲೂ ಇಟ್ಟಿದ್ದರು. ಅಂದರೆ ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಇನ್ಸುಲಿನ್ ಇರಲು ಸಾಧ್ಯವೇ ಇಲ್ಲ! ಆ ಕೆಂಪು ಅಕ್ಷರ ಕಂಡು ನನಗೆ ಬೇಸರಕ್ಕಿಂತ ಖುಷಿಯೇ ಹೆಚ್ಚಾಯಿತು. ನನ್ನ ಸಣ್ಣತನ ನಿಮಗೆ ಹೊಸದಲ್ಲ.

ವೈದ್ಯರಿಗೆ ಈ ತಂತ್ರಾಂಶ ಕಷ್ಟ, ಅವರು ಕೋಷ್ಟಕದಲ್ಲೇ ತುಂಬಿ ಕೊಡುತ್ತಾರೆ ಎಂಬ ವಾದ ಇದ್ದೇ ಇದೆ. 'ಸಮ್' (ಇಂಥದ್ದು ಒಂದಾದರೂ ಇದೆ) ಮತ್ತು 'ಓನ್ಲಿ' (ಇದ್ದರೆ ಇಂಥದ್ದೇ) ನಡುವಣ ವ್ಯತ್ಯಾಸಕ್ಕೆ ಪಳಗಿದವರೂ ತಡವರಿಸುತ್ತಾರೆ, ಒಪ್ಪಿದೆ. ಆದರೆ ರೋಬೋಟ್ ಎಂಬ ಉಚಿತ ಸಲಕರಣೆ ಕೋಷ್ಟಕದ ಸಾಲುಗಳನ್ನೇ ಔಲ್‌ಗೆ ತಿರುಗಿಸಿ, ರೀಸನರನ್ನೂ ಓಡಿಸಿಕೊಡುತ್ತದೆ. ವೈದ್ಯರು ಕೋಷ್ಟಕ ತುಂಬಲಿ, ಪರೀಕ್ಷೆ ಮಾಡಬೇಡಿ ಎಂದವರು ಯಾರು? ಸಮಯ ಹಿಡಿಯುತ್ತದೆ ಎನ್ನುವಂತೆಯೂ ಇಲ್ಲ: ಮೂರು ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿರುವ ವೈದ್ಯಕೀಯ ಪದಕೋಶ ಸ್ನೋಮೆಡ್ ಸಿಟಿಯನ್ನು ಎಲ್ಕ್ ಎಂಬ ರೀಸನರ್ ಕೆಲವೇ ಸೆಕೆಂಡುಗಳಲ್ಲಿ ವರ್ಗೀಕರಿಸಬಲ್ಲದು. ಕುಣಿಯಲಾರದವಳಿಗೆ ನೆಲ ಡೊಂಕು.

ಈಗ ಚಾಟ್‌ಬಾಟನ್ನು ಕೇಳಿ ನೂರಾರು ಕ್ಲಾಸುಗಳನ್ನು ನಿಮಿಷದಲ್ಲಿ ತರಿಸಿಕೊಳ್ಳುವ ಹೊಸ ಚಟವೂ ಸೇರಿದೆ. ಹಾಗೆ ಬಂದದ್ದನ್ನಾದರೂ ಪರೀಕ್ಷಿಸುತ್ತೀರಾ ಎಂದು ಕೇಳಿದೆ. ಮುಖ್ಯಸ್ಥರು ಇನ್ಸುಲಿನ್ನಿನ ಕೆಂಪು ಹೋಗಲೆಂದು ಡಿಸ್‌ಜಾಯಿಂಟ್ ಘೋಷಣೆಗಳನ್ನು ಒಂದೂ ಬಿಡದೆ ಅಳಿಸಿ, "ಈಗ ಸರಿ ಆತಲ್ಲರೀ" ಎಂದರು.