ಲೈಬ್ರರಿಗೊಂದು ಜೇನು ಪೆಟ್ಟಿಗೆ

ಅಪರೂಪದ ಪುಸ್ತಕ ಅಂದ ಕೂಡಲೇ ಚರ್ಮದ ರಟ್ಟು, ಚಿನ್ನದ ಅಕ್ಷರವೇ ಕಣ್ಮುಂದೆ ಬರುತ್ತದೆ, ಅಲ್ವಾ? ಕೃಷಿ ಪುಸ್ತಕಗಳ ಮಟ್ಟಿಗೆ ಇದು ಪೂರ್ತಿ ಉಲ್ಟಾ ಅಂತ ನನ್ನ ವಾದ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮ್ಯಾನ್ ಲೈಬ್ರರಿಯಲ್ಲಿ ಜೇನು ಸಾಕಣೆಗೇ ಅಂತ ದೊಡ್ಡ ಸಂಗ್ರಹ ಇದೆ. 1925ರಲ್ಲಿ ಶುರು ಮಾಡಿದವರು ಅಲ್ಲಿ ಪಾಠ ಹೇಳುತ್ತಿದ್ದ ಇ. ಎಫ್. ಫಿಲಿಪ್ಸ್. ದುಡ್ಡಿಗೆ ಅವರು ಹೂಡಿದ ಉಪಾಯ ನೋಡಿ. ನ್ಯೂಯಾರ್ಕ್ ರಾಜ್ಯದ ಇನ್ನೂರಕ್ಕೂ ಹೆಚ್ಚು ಜೇನು ಸಾಕುವವರನ್ನು ಒಪ್ಪಿಸಿ, ತಲಾ ಒಂದು ಪೆಟ್ಟಿಗೆಯನ್ನು ಲೈಬ್ರರಿ ಹೆಸರಿಗೆ ಬಿಡಿಸಿದರು. ಅದರ ತುಪ್ಪ ಮಾರಿದ ಲಾಭ 50 ಡಾಲರ್ ಮುಟ್ಟಿದರೆ ಅವರ ಪಾಲು ಸಂದಾಯ. ನಮ್ಮಲ್ಲಿ ದೇವರ ಹೆಸರಿಗೆ ಒಂದು ತೆಂಗಿನ ಮರ ಬಿಡುವುದಿಲ್ವಾ, ಹಾಗೆ.

ಚೌಕಟ್ಟು ಎತ್ತಿ ನೋಡುವ ಜೇನು ಪೆಟ್ಟಿಗೆಗೆ 1852ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಮರುವರ್ಷವೇ ಒಂದು ಪುಸ್ತಕ ಬರೆದರು. ಅದು ಎಷ್ಟೋ ಸಲ ಅಚ್ಚಾಗಿದೆ, ಈಗ ಫೋನಲ್ಲೇ ಓದಬಹುದು. ಅದು ಕಳೆದುಹೋಗುವ ಭಯ ಇಲ್ಲ.

ಭಯ ಇರುವುದು ನಮ್ಮ ಕಡೆಯ ಸಣ್ಣ ಸಣ್ಣ ಕಾಗದಗಳಿಗೆ. ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ ನಮ್ಮ ನಾಡಿನ ತುಡುವೆ ಜೇನಿಗೆ ದೊಡ್ಡದಾಯಿತು, 1910ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಫಾದರ್ ನ್ಯೂಟನ್ ಅದಕ್ಕೆ ತಕ್ಕ ಚಿಕ್ಕ ಪೆಟ್ಟಿಗೆ ಮಾಡಿದರು, ಕೊಡಗು, ದಕ್ಷಿಣ ಕನ್ನಡದಲ್ಲಿ ಅದೇ ಬಳಕೆಗೆ ಬಂತು. ಆಮೇಲೆ 1991-92ರ ಹೊತ್ತಿಗೆ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಡಿದು ತುಡುವೆ ಗೂಡುಗಳು ಸಾಲುಸಾಲಾಗಿ ಖಾಲಿಯಾದವು. ರೋಗಕ್ಕೆ ಮುಂಚೆ ಯಾವ ಊರಲ್ಲಿ ಎಷ್ಟು ಪೆಟ್ಟಿಗೆ ಇತ್ತು, ಯಾವ ತಿಂಗಳು ಯಾವ ಹೂವಿಗೆ ತುಪ್ಪ ಬರುತ್ತಿತ್ತು ಅಂತ ಹುಡುಕಲು ಹೊರಟರೆ ಬೇಕಾಗುವುದು ಸಹಕಾರ ಸಂಘದ ವಾರ್ಷಿಕ ವರದಿ, ಪಿನ್ ಹೊಡೆದ ಹದಿನಾರು ಪುಟದ ಕನ್ನಡ ಕೈಪಿಡಿ. ಇವಕ್ಕೆ ಎರಡನೇ ಮುದ್ರಣ ಅನ್ನುವುದೇ ಇರುವುದಿಲ್ಲ. ಸುಮ್ನೆ ರದ್ದಿಗೆ ಹೋಗುತ್ತವೆ.

ಕೃಷಿ ವಿಶ್ವವಿದ್ಯಾಲಯಗಳ ಲೈಬ್ರರಿಗಳು ಮೊದಲು ಕೂಡಿಡಬೇಕಾದದ್ದು ಇವನ್ನೇ. ಅನುದಾನ ಬರಲಿ ಅಂತ ಕೂತರೆ ಆಗುವ ಕೆಲಸ ಅಲ್ಲ (ಬಂದರೂ ಮೊದಲು ಬರುವುದು ಗಾಜಿನ ಬೀರು!). ಜೇನಿನವರು, ಅಡಿಕೆಯವರು, ಕಾಫಿಯವರು ತಮ್ಮ ತಮ್ಮ ಬೆಳೆಯ ಪಾಲು ಕೊಟ್ಟರೆ ಧಾರಾಳ ಸಾಕು.

ನಿಮ್ಮ ಅಟ್ಟದ ಮೇಲೂ ಇಂಥವು ಇದ್ದರೆ ತೂಕಕ್ಕೆ ಹಾಕುವ ಮುಂಚೆ ಫೋಟೋ ಹಿಡಿದಿಡಿ. ಮುಖಪುಟ ಹರಿದಿದ್ದರೂ ಪರವಾಗಿಲ್ಲ. ಕೊನೆಯ ಲೆಕ್ಕಪತ್ರದ ಪುಟ ಮಾತ್ರ ಬಿಡಬೇಡಿ, ಎಷ್ಟು ತುಪ್ಪ ಬಂತು ಅನ್ನುವುದು ಅಲ್ಲೇ ಇರುತ್ತದೆ.