ಒಂದೇ ಗೇರಿನ ಉಕ್ಕಿನ ಸೈಕಲ್: ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ

ಒಂದೇ ಗೇರಿನ ಉಕ್ಕಿನ ಸೈಕಲ್ಲನ್ನು ದಿನನಿತ್ಯದ ಓಡಾಟಕ್ಕೆಂದು ಕೊಂಡವರಲ್ಲಿ ಹೆಚ್ಚಿನವರು ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದನ್ನು ಹಗುರ ಮಾಡುವ ಗುಂಗಿಗೆ ಬೀಳುತ್ತಾರೆ. ಮೊದಲು ಹ್ಯಾಂಡಲ್ ಬದಲಾಗುತ್ತದೆ, ಆಮೇಲೆ ಸೀಟಿನ ಕಂಬ, ಆಮೇಲೆ ಚಕ್ರಗಳು. ಕೊನೆಗೆ ಸೈಕಲ್ಲಿನ ಮೂಲ ಬೆಲೆಯನ್ನು ಮೀರಿದ ಹಣ ಅದರ ಮೈಮೇಲೆ ಕೂತಿರುತ್ತದೆ, ಆದರೂ ಮಳೆ ಬಂದ ದಿನ ಅದು ಗೋಡೆಗೆ ಒರಗಿಕೊಂಡೇ ಇರುತ್ತದೆ. ಇಂತಹ ಸೈಕಲ್ಲಿಗೆ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ನೆಲ ಒದ್ದೆಯಾಗಿರುವ, ಎದುರುಗಾಳಿ ಬೀಸುತ್ತಿರುವ, ಚೀಲ ಭಾರವಾಗಿರುವ, ಹೊರಡುವುದು ತಡವಾಗಿರುವ ಬೆಳಗಿನ ಲೆಕ್ಕದಲ್ಲಿ ತೂಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಹವೆ ಚೆನ್ನಾಗಿರುವ ದಿನ ಯಾವ ಸೈಕಲ್ಲಾದರೂ ಚೆನ್ನಾಗಿಯೇ ಓಡುತ್ತದೆ. ಕೆಟ್ಟ ದಿನವೂ ಅದನ್ನೇ ಹೊರಗೆ ತೆಗೆಯುವಂತೆ ಮಾಡುವ ವಸ್ತುವಿಗಷ್ಟೇ ಹಣ ಹಾಕುವುದು ಸರಿ.

ಉಕ್ಕಿನ ಬಗ್ಗೆ ಸೈಕಲ್ ಪ್ರಿಯರಲ್ಲಿ ಒಂದು ಬಗೆಯ ಭಕ್ತಿಯೇ ಇದೆ. ಉಕ್ಕಿನ ಫ್ರೇಮ್ ರಸ್ತೆಯ ಕುಲುಕನ್ನು ಹೀರಿಕೊಳ್ಳುತ್ತದೆ, ಅದಕ್ಕೆ ಜೀವ ಇದೆ ಎಂದೆಲ್ಲ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಕುಲುಕಿನ ಬಹುಪಾಲನ್ನು ತಡೆಯುವುದು ಟೈರಿನೊಳಗಿನ ಗಾಳಿ; ಟೈರ್ ಬದಲಿಸಿದಾಗ ಆಗುವ ವ್ಯತ್ಯಾಸದ ಮುಂದೆ ಫ್ರೇಮಿನ ಲೋಹ ಬದಲಿಸಿದಾಗ ಆಗುವ ವ್ಯತ್ಯಾಸ ಗಮನಕ್ಕೆ ಬಾರದಷ್ಟು ಸಣ್ಣದು. ಉಕ್ಕಿನ ನಿಜವಾದ ಗುಣಗಳು ಬೇರೆಯೇ ಇವೆ. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಭಾರ, ಸರಿಸುಮಾರು ಮೂರು ಪಟ್ಟು ಬಿಗಿ. ಒಂದು ಮಿತಿಗಿಂತ ಕೆಳಗಿನ ಒತ್ತಡವನ್ನು ಎಷ್ಟು ಬಾರಿ ಹೇರಿದರೂ ಅದು ದಣಿದು ಬಿರುಕು ಬಿಡುವುದಿಲ್ಲ, ಅಲ್ಯೂಮಿನಿಯಂಗೆ ಅಂತಹ ಮಿತಿಯಿಲ್ಲ. ಕೊಳವೆ ಬಾಗಿದರೆ ನೇರ ಮಾಡಬಹುದು, ಬೆಸುಗೆ ಬಿಟ್ಟರೆ ಮತ್ತೆ ಹಾಕಿಸಬಹುದು. ವರ್ಷಾನುಗಟ್ಟಲೆ ಕಂಬಕ್ಕೆ ಒರಗಿಸಿ, ಬೀಗ ಉಜ್ಜಿ, ಬೇರೆ ಸೈಕಲ್ಲುಗಳ ಪೆಡಲ್ ತಗಲಿಸಿಕೊಂಡು ಬದುಕಬೇಕಾದ ವಾಹನಕ್ಕೆ ಇದಕ್ಕಿಂತ ಒಳ್ಳೆಯ ಲೋಹ ಇಲ್ಲ.

ಕೊಳ್ಳುವಾಗ ಕ್ರೋಮೊಲಿ ಎಂಬ ಮಿಶ್ರ ಉಕ್ಕೋ, ಅಗ್ಗದ ಸೈಕಲ್ಲುಗಳಲ್ಲಿರುವ ಸಾಧಾರಣ ಹೈ-ಟೆನ್ಸೈಲ್ ಉಕ್ಕೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡಕ್ಕೂ ಸಾಂದ್ರತೆಯಲ್ಲಿ, ಬಿಗಿತದಲ್ಲಿ ವ್ಯತ್ಯಾಸ ಇಲ್ಲವೆನ್ನಬಹುದು. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಕ್ರೋಮೊಲಿ, ಅಂದರೆ 4130 ಉಕ್ಕು, ಹೆಚ್ಚು ಬಲಶಾಲಿಯಾದ್ದರಿಂದ ಅದರ ಕೊಳವೆಯ ಗೋಡೆಯನ್ನು ತೆಳುವಾಗಿಸಲು ಸಾಧ್ಯ, ಫ್ರೇಮ್ ಹಗುರವಾಗುವುದು ಅಲ್ಲಿ. ಬೆಸುಗೆ ಬೀಳುವ ತುದಿಗಳನ್ನು ದಪ್ಪವಾಗಿಯೂ ನಡುಭಾಗವನ್ನು ತೆಳುವಾಗಿಯೂ ಎಳೆಯುವ ಕೊಳವೆಗೆ ಇಂಗ್ಲೆಂಡಿನ ರೆನಾಲ್ಡ್ಸ್ ಪೇಟೆಂಟ್ ಪಡೆದದ್ದು 1897ರಲ್ಲಿ. ಇಂದಿಗೂ ಒಳ್ಳೆಯ ಉಕ್ಕಿನ ಫ್ರೇಮ್ ತಯಾರಾಗುವುದು ಆ ತತ್ವದ ಮೇಲೆಯೇ. ಕ್ರೋಮೊಲಿ ಸಿಕ್ಕರೆ ಸಂತೋಷ. ಆದರೆ ಈಗಾಗಲೇ ಸಾಧಾರಣ ಉಕ್ಕಿನದು ಮನೆಯಲ್ಲಿದ್ದರೆ ಅದನ್ನು ಮಾರಿ ಹೊಸದು ತರುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಉಳಿಯುವ ತೂಕ ನಿಮ್ಮ ಬೀಗ ಮತ್ತು ನೀರಿನ ಬಾಟಲಿಯ ತೂಕದಲ್ಲಿ ಮುಚ್ಚಿಹೋಗುತ್ತದೆ.

ಮೊದಲು ಬದಲಿಸಬೇಕಾದ ಭಾಗ, ಹೆಚ್ಚಿನವರು ಕೊನೆಗೂ ಬದಲಿಸದೇ ಬಿಡುವ ಭಾಗ, ಹಿಂದಿನ ಫ್ರೀವೀಲ್, ಅಂದರೆ ತುಳಿಯುವುದನ್ನು ನಿಲ್ಲಿಸಿದರೂ ಚಕ್ರವನ್ನು ತಿರುಗಲು ಬಿಡುವ ಹಲ್ಲುಚಕ್ರ. ಅಂಗಡಿಯಿಂದ ಬರುವಾಗ ಮುಂದೆ 46 ಹಲ್ಲು, ಹಿಂದೆ 16 ಹಲ್ಲು ಇರುವುದು ಬಹಳ ಸಾಮಾನ್ಯ. 28 ಮಿಲಿಮೀಟರ್ ಅಗಲದ ಟೈರಿನ ಚಕ್ರದ ಸುತ್ತಳತೆ ಸುಮಾರು 2.14 ಮೀಟರ್ ಎಂದು ಹಿಡಿದರೆ, ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ 6.15 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸುತ್ತಿನ ಆರಾಮದ ತುಳಿತದಲ್ಲಿ ಇದು ಗಂಟೆಗೆ ಸುಮಾರು 26 ಕಿಲೋಮೀಟರ್ ವೇಗ. ಸಪಾಟಾದ, ಖಾಲಿ ರಸ್ತೆಯಲ್ಲಿ ಹಿತವಾಗಿಯೇ ಇರುತ್ತದೆ. ಆದರೆ ದಿನದ ಓಡಾಟವೆಂದರೆ ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಮತ್ತೆ ಹೊರಡುವುದು, ಸೇತುವೆಯ ಏರು, ಎದುರುಗಾಳಿ. ಹಿಂದೆ 18 ಹಲ್ಲಿನದನ್ನು ಹಾಕಿದರೆ ಒಂದು ಸುತ್ತಿಗೆ ಸಾಗುವ ದೂರ 5.47 ಮೀಟರಿಗೆ ಇಳಿಯುತ್ತದೆ, ವೇಗ ಅದೇ ತುಳಿತಕ್ಕೆ ಸುಮಾರು 23ಕ್ಕೆ ಇಳಿಯುತ್ತದೆ, ಪ್ರತಿ ಸಲ ಹೊರಡುವಾಗ ಮಂಡಿಯ ಮೇಲೆ ಬೀಳುವ ಹೊರೆ ಒಂಬತ್ತರಲ್ಲಿ ಒಂದು ಪಾಲು ತಗ್ಗುತ್ತದೆ. ಕಾಗದದ ಮೇಲೆ ಸಣ್ಣ ಬದಲಾವಣೆ. ಏರಿನ ಬುಡದಲ್ಲಿ ನಿಂತು ನೋಡಿದರೆ ಇಳಿದು ತಳ್ಳುವುದಕ್ಕೂ ಕೂತೇ ಹತ್ತುವುದಕ್ಕೂ ಇರುವ ಅಂತರ. ಹತ್ತಿಪ್ಪತ್ತು ಕಿಲೋಮೀಟರಿನೊಳಗಿನ ದಾರಿಗೆ ಕಳೆದುಕೊಂಡ ವೇಗದಿಂದ ಆಗುವ ತಡ ಒಂದು ಸಿಗ್ನಲ್ಲಿನಲ್ಲಿ ಕಾಯುವಷ್ಟೂ ಇರುವುದಿಲ್ಲ ಎಂಬುದೇ ನನ್ನ ಅನುಭವ, ಏಕೆಂದರೆ ಊರೊಳಗೆ ಆ ಗರಿಷ್ಠ ವೇಗದಲ್ಲಿ ಓಡುವ ಅವಕಾಶವೇ ಅಪರೂಪ.

ಹಿಂದಿನ ಚಕ್ರದ ನಡುವಿನ ಹಬ್ ಕೆಲವು ಸೈಕಲ್ಲುಗಳಲ್ಲಿ ಹೇಗಿರುತ್ತದೆಂದರೆ, ಅದರ ಎರಡೂ ಬದಿಯಲ್ಲಿ ಹಲ್ಲುಚಕ್ರ ಕೂರಿಸಬಹುದು. ಒಂದು ಬದಿ ಫ್ರೀವೀಲ್, ಇನ್ನೊಂದು ಬದಿ ಚಕ್ರದೊಡನೆಯೇ ಪೆಡಲ್ಲೂ ತಿರುಗುವ ಫಿಕ್ಸ್‌ಡ್. ಇದನ್ನು ಹೊಸ ಕಾಲದ ಜಾಣತನ ಎಂದುಕೊಂಡವರಿಗೆ ಒಂದು ಮಾತು: ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ; ಅದಕ್ಕೂ ಮೊದಲು ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರ ಚೈನಿಗೆ ಸಿಗುವಂತೆ ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಓಡಾಟದ ಸೈಕಲ್ಲಿಗೆ ನಾನು ಫ್ರೀವೀಲನ್ನೇ ಹೇಳುತ್ತೇನೆ. ಫಿಕ್ಸ್‌ಡ್‌ನ ಸೊಗಸು ನಿಜವೇ ಇರಬಹುದು, ಆದರೆ ಒದ್ದೆ ತಿರುವಿನಲ್ಲಿ ಪೆಡಲ್ ನಿಲ್ಲಿಸಲಾಗದ ಸ್ಥಿತಿ ನನಗೆ ಬೇಡ. ಎರಡರಲ್ಲಿ ಯಾವುದಾದರೂ ಸರಿ, ಕೈಬ್ರೇಕ್ ತೆಗೆದು ಬೋಳು ಹ್ಯಾಂಡಲ್ ಇಟ್ಟುಕೊಂಡು ವಾಹನಗಳ ನಡುವೆ ಓಡಾಡುವುದನ್ನು ಶೋಕಿ ಎನ್ನಬಹುದೇ ಹೊರತು ಸರಳತೆ ಎನ್ನಲಾಗದು.

ಹಲ್ಲು ಬದಲಿಸಿದಾಗ ಚೈನಿನ ಬಿಗಿಯನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಒಂದು ಹಲ್ಲು ಹೆಚ್ಚಾದರೆ ಹಿಂದಿನ ಚಕ್ರದ ಅಚ್ಚು ಸುಮಾರು 3 ಮಿಲಿಮೀಟರ್ ಮುಂದೆ ಬರುತ್ತದೆ, ಆದ್ದರಿಂದ 16ರಿಂದ 18ಕ್ಕೆ ಹೋಗುವಾಗ ಸಾಮಾನ್ಯವಾಗಿ ಅದೇ ಚೈನು ಸಾಕಾಗುತ್ತದೆ. ಬಿಗಿ ಮಾಡಲು ಬಲದಿಂದ ಎಳೆಯುವ ಅಗತ್ಯವಿಲ್ಲ. ಬಲಬದಿಯ ನಟ್ಟನ್ನು ಬಿಗಿದು ಎಡಬದಿಯದನ್ನು ಸಡಿಲವಾಗಿಟ್ಟು, ಪೆಡಲ್ ಕಡೆಗಿರುವ ಟೈರಿನ ಅಂಚನ್ನು ಎಡಕ್ಕೆ ಒತ್ತಿದರೆ ಅಚ್ಚಿನ ಎಡತುದಿ ತುಸು ಹಿಂದೆ ಸರಿಯುತ್ತದೆ. ಅಲ್ಲಿ ಎಡ ನಟ್ಟು ಬಿಗಿದು, ಬಲದ್ದನ್ನು ಸಡಿಲಿಸಿ, ಟೈರನ್ನು ಬಲಕ್ಕೆ ತಂದರೆ ಈಗ ಬಲತುದಿ ಹಿಂದೆ ಸರಿಯುತ್ತದೆ. ಹೀಗೆ ಹೆಜ್ಜೆ ಹಾಕಿಸುತ್ತ ಹೋದರೆ ಕೂದಲೆಳೆಯಷ್ಟು ನಿಖರವಾಗಿ ನಿಲ್ಲಿಸಬಹುದು. ಚೈನಿನ ನಡುಭಾಗವನ್ನು ಬೆರಳಿನಿಂದ ಒತ್ತಿದಾಗ ಅರ್ಧ ಅಂಗುಲದಷ್ಟು ಆಡಬೇಕು. ಮುಂದಿನ ಹಲ್ಲುಚಕ್ರ ಎಂದೂ ಪೂರ್ತಿ ದುಂಡಗೆ ಇರುವುದಿಲ್ಲವಾದ್ದರಿಂದ ಪೆಡಲನ್ನು ನಿಧಾನವಾಗಿ ತಿರುಗಿಸಿ, ಚೈನು ಅತ್ಯಂತ ಬಿಗಿಯಾಗುವ ಜಾಗದಲ್ಲಿ ಈ ಪರೀಕ್ಷೆ ಮಾಡಬೇಕು. ತೀರಾ ಬಿಗಿದ ಚೈನು ಬೇರಿಂಗನ್ನು ತಿನ್ನುತ್ತದೆ, ತುಳಿಯುವಾಗ ಗರಗರ ಎನ್ನುತ್ತದೆ.

ಚೈನಿನ ಆಯುಷ್ಯದ ವಿಷಯದಲ್ಲಿ ಒಂದೇ ಗೇರಿನವರು ಅದೃಷ್ಟವಂತರು. ಗೇರಿನ ಸೈಕಲ್ಲಿನಲ್ಲಿರುವಂತೆ ಅದು ಅಡ್ಡಡ್ಡ ಬಾಗುವುದಿಲ್ಲ, ದಪ್ಪವೂ ಇರುತ್ತದೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲದಂತೆ 24 ಕೊಂಡಿಗಳ ಉದ್ದ ಹೊಸತರಲ್ಲಿ ಸರಿಯಾಗಿ 12 ಅಂಗುಲ ಇರುತ್ತದೆ. ಸ್ಕೇಲಿಟ್ಟು ಅಳೆದಾಗ ಅದು ಒಂದು ಅಂಗುಲದ ಎಂಟನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನು ಬದಲಿಸುವ ಕಾಲ ಬಂದಿದೆ ಎಂದು ತಿಳಿಯಬಹುದು. ಇನ್ನೂ ಎಳೆದಾಡಿದರೆ ಹಲ್ಲುಗಳೂ ಸವೆದು ಖರ್ಚು ಮೂರು ಪಟ್ಟಾಗುತ್ತದೆ.

ಟೈರ್ ಮತ್ತು ಬ್ರೇಕ್ ಕಟ್ಟೆ (ಚಕ್ರದ ರಿಮ್ಮನ್ನು ಒತ್ತಿ ಹಿಡಿಯುವ ರಬ್ಬರ್ ತುಂಡು), ಇವೆರಡಕ್ಕೆ ಜಿಪುಣತನ ಬೇಡ. ಫ್ರೇಮಿನಲ್ಲಿ ಜಾಗವಿದ್ದಷ್ಟು ಅಗಲದ, ಒಳಗೆ ಪಂಚರ್ ತಡೆಯುವ ಪಟ್ಟಿಯಿರುವ ಟೈರ್ ಹಾಕಿ, ಗಾಳಿಯನ್ನು ಕಲ್ಲಿನಂತೆ ತುಂಬದೆ ಸ್ವಲ್ಪ ಇಳಿಸಿಟ್ಟುಕೊಳ್ಳಬೇಕು. ಸೈಕಲ್ಲಿನ ಜೊತೆಗೆ ಬರುವ ಅಗ್ಗದ ಬ್ರೇಕ್ ಕಟ್ಟೆಗಳು ಒಣ ರಸ್ತೆಯಲ್ಲಿ ಹೇಗೋ ನಡೆಯುತ್ತವೆ. ರಿಮ್ ಒದ್ದೆಯಾದಾಗ ಅವುಗಳ ಬಂಡವಾಳ ಬಯಲಾಗುತ್ತದೆ. ಬ್ರೇಕನ್ನೇ ಬದಲಿಸುವ ಮೊದಲು ಒಳ್ಳೆಯ ರಬ್ಬರಿನ ಕಟ್ಟೆ, ಹೊಸ ಕೇಬಲ್ ಇಷ್ಟನ್ನು ಹಾಕಿ ನೋಡಿದರೆ ಬಹಳಷ್ಟು ಜನರಿಗೆ ಅಲ್ಲಿಗೇ ಸಮಾಧಾನವಾಗುತ್ತದೆ.

ಇನ್ನು ಮಡ್‌ಗಾರ್ಡ್. ಸೈಕಲ್ಲಿನ ಚಂದ ಕೆಡುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ದೂರವಿಡುವವರನ್ನು ಕಂಡಾಗ ನನಗೆ ವಾದಿಸುವ ಆಸೆಯಾಗುತ್ತದೆ. ಮಳೆ ನಿಂತು ಗಂಟೆಯಾದರೂ ರಸ್ತೆಯ ನೀರು ಇರುತ್ತದೆ, ಅದು ಕೆಸರಿನೊಡನೆ ಮೇಲೆ ಹಾರುತ್ತದೆ, ಬೆನ್ನಿಗಿಂತ ಹೆಚ್ಚಾಗಿ ಚೈನಿಗೂ ಪೆಡಲ್ ಬೇರಿಂಗಿಗೂ ಹೊಡೆಯುತ್ತದೆ. ಸೀಟಿನ ಕೆಳಗೆ ಸಿಕ್ಕಿಸುವ ತುಂಡು ಪ್ಲಾಸ್ಟಿಕ್ ಇದಕ್ಕೆ ಸಾಲದು; ಪೂರ್ಣ ಉದ್ದದ್ದೇ ಬೇಕು, ಮುಂದಿನದರ ತುದಿಗೆ ನೆಲಕ್ಕೆ ಹತ್ತಿರವಾಗುವಂತೆ ರಬ್ಬರಿನ ನಾಲಿಗೆಯೂ ಬೇಕು, ಏಕೆಂದರೆ ಬೂಟನ್ನು ಉಳಿಸುವುದು ಆ ನಾಲಿಗೆಯೇ. ಒಂದೇ ಗೇರಿನ ಸೈಕಲ್ಲಿಗೆ ಇನ್ನೊಂದು ಭಾಗ್ಯವೂ ಇದೆ: ಚೈನು ಅತ್ತಿತ್ತ ಸರಿಯದ ಕಾರಣ ಅದನ್ನು ಪೂರ್ತಿ ಮುಚ್ಚುವ ಚೈನ್ ಕವರ್ ಹಾಕಬಹುದು. ಡಿರೇಲರ್ ಇರುವ ಸೈಕಲ್ಲಿಗೆ ಇದು ಒಗ್ಗುವುದಿಲ್ಲ. ಪ್ಯಾಂಟಿನ ಕಾಲು ಮಡಚುವ ಗೋಜು ತಪ್ಪುತ್ತದೆ, ಚೈನಿನ ಎಣ್ಣೆ ಧೂಳನ್ನು ಹೀರುವುದೂ ಕಡಿಮೆಯಾಗುತ್ತದೆ. ಹಳೆಯ ಕಾಲದ್ದೆಂದು ಕಾಣುವ ಈ ಕವರನ್ನು ತೆಗೆದು ಮೂಲೆಗೆಸೆಯುವವರೇ ಹೆಚ್ಚು ಎಂಬುದು ನನಗೆ ಅರ್ಥವಾಗದ ಸಂಗತಿ.

ಭಾರವನ್ನು ಬೆನ್ನು ಹೊರುವುದಕ್ಕಿಂತ ಸೈಕಲ್ ಹೊರುವುದು ಒಳ್ಳೆಯದು, ಆದ್ದರಿಂದ ಕ್ಯಾರಿಯರ್ ಮತ್ತು ಪಕ್ಕಕ್ಕೆ ತೂಗುವ ಚೀಲ ಬೇಕೇ ಬೇಕು. ಚೀಲ ಹಿಮ್ಮಡಿಗೆ ತಾಗದಷ್ಟು ಹಿಂದೆ ಕೂರುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ದೀಪದ ವಿಷಯದಲ್ಲಿ ಚಾರ್ಜ್ ಮಾಡುವುದು ಮರೆಯುವ ಜಾಯಮಾನದವರಿಗೆ ಮುಂದಿನ ಹಬ್ಬಿನೊಳಗಿನ ಡೈನಮೊ ನಿಜಕ್ಕೂ ನೆಮ್ಮದಿ. 6 ವೋಲ್ಟ್, 3 ವ್ಯಾಟ್ ಎಂದರೆ ಇಂದಿನ ಎಲ್‌ಇಡಿಗೆ ಧಾರಾಳ. ಬೀಗಕ್ಕೆ ಯು ಆಕಾರದ್ದೇ ಸರಿ, ಫ್ರೇಮ್ ಮತ್ತು ಹಿಂದಿನ ಚಕ್ರ ಎರಡನ್ನೂ ಒಟ್ಟಿಗೆ ಹಿಡಿಯುವಂತೆ ಹಾಕಬೇಕು. ಇಂತಹ ಸೈಕಲ್ಲುಗಳ ಚಕ್ರಕ್ಕೆ ನಟ್ಟು ಇರುವುದು ಕಳ್ಳರ ಮಟ್ಟಿಗೆ ಒಂದು ಅಡ್ಡಿ, ಆದರೆ ಪಂಚರ್ ಆದಾಗ ಅದು ನಿಮಗೂ ಅಡ್ಡಿಯೇ, ಆದ್ದರಿಂದ 15 ಮಿಲಿಮೀಟರಿನ ಸ್ಪ್ಯಾನರ್ ಚೀಲದಲ್ಲಿ ಸದಾ ಇರಲಿ.

ತುಕ್ಕಿನ ಭಯವನ್ನು ಅತಿ ಮಾಡುವವರಿದ್ದಾರೆ. ಹೊರಗೆ ಬಣ್ಣ ಹೋದ ಕಡೆ ಕಾಣುವ ಕೆಂಪು ಚುಕ್ಕೆಗಿಂತ ಕೊಳವೆಯೊಳಗೆ ನಿಲ್ಲುವ ನೀರು ಅಪಾಯಕಾರಿ. ಸೀಟಿನ ಕಂಬವನ್ನು ಆಗಾಗ ಹೊರಗೆಳೆದು ಗ್ರೀಸ್ ಸವರಿ ಹಾಕುವುದು ಎರಡು ಕೆಲಸ ಮಾಡುತ್ತದೆ: ಆ ದಾರಿಯಿಂದ ನೀರಿಳಿಯುವುದನ್ನು ತಡೆಯುತ್ತದೆ, ಅಲ್ಯೂಮಿನಿಯಂ ಕಂಬ ಉಕ್ಕಿನ ಕೊಳವೆಗೆ ಕಚ್ಚಿಕೊಳ್ಳದಂತೆಯೂ ನೋಡಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡ ಕಂಬವನ್ನು ಬಿಡಿಸುವ ಸಾಹಸವನ್ನು ಕಂಡವರು ಗ್ರೀಸ್ ಡಬ್ಬಿಯನ್ನು ಎಂದೂ ಖಾಲಿಯಾಗಲು ಬಿಡುವುದಿಲ್ಲ.

ಉಳಿದದ್ದರಲ್ಲಿ ಹೆಚ್ಚಿನದು ನನ್ನ ಲೆಕ್ಕದಲ್ಲಿ ಬೇಡದ್ದು. ಕಾರ್ಬನ್ ಫೋರ್ಕ್, ಬಣ್ಣದ ಎತ್ತರದ ರಿಮ್, ಹಗುರ ಕ್ರ್ಯಾಂಕ್, ಇವು ಯಾವುವೂ ಮಳೆಯ ದಿನಕ್ಕೆ ನೆರವಾಗುವುದಿಲ್ಲ. ಹಿಂದೆ ಗೇರ್ ಹಾಕಿಸುವ ಆಸೆ ಹುಟ್ಟಿದರೆ, ಉಕ್ಕಿನ ಫ್ರೇಮಿನಲ್ಲಿ ಹಿಂದಿನ ಚಕ್ರವನ್ನು ಹಿಡಿಯುವ ಎರಡು ಕಾಲುಗಳ ನಡುವಿನ 120 ಮಿಲಿಮೀಟರ್ ಅಂತರವನ್ನು ಅಗಲಿಸಿ ಅದನ್ನೂ ಮಾಡಿಸಬಹುದು ಎಂಬುದು ನಿಜ. ಆದರೆ ಗೇರ್ ಬೇಕೆನಿಸುವಷ್ಟು ಏರು ನಿಮ್ಮ ದಾರಿಯಲ್ಲಿದ್ದರೆ ಗೇರಿನ ಸೈಕಲ್ಲನ್ನೇ ಕೊಳ್ಳುವುದು ಮೇಲು.

ಹೊಸದಾಗಿ ಕೊಳ್ಳುವವರು ಬಿಡಿಭಾಗಗಳ ಹೆಸರುಗಳಿಗೆ ಮರುಳಾಗದೆ ಫ್ರೇಮನ್ನು ಬಗ್ಗಿ ನೋಡಬೇಕು. ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಕೂರಿಸಲು ಹಿಂದಿನ ಅಚ್ಚಿನ ಬಳಿ ಬೋಲ್ಟಿನ ತೂತುಗಳಿವೆಯೇ? ಹಿಂದಿನ ಚಕ್ರ ಕೂರುವ ಸೀಳು ಮುಂದಕ್ಕೆ ತೆರೆದಿದೆಯೇ, ಹಿಂದಕ್ಕೆ ತೆರೆದಿದೆಯೇ? ಹಿಂದಕ್ಕೆ ತೆರೆದಿದ್ದರೆ ಪಂಚರ್ ಆದಾಗಲೆಲ್ಲ ಚಕ್ರವನ್ನು ಹಿಂದಕ್ಕೆ ಎಳೆಯಬೇಕು, ಆಗ ಪೂರ್ಣ ಮಡ್‌ಗಾರ್ಡ್ ದಾರಿಗೆ ಅಡ್ಡ ಬರುತ್ತದೆ. ಟೈರಿಗೂ ಫೋರ್ಕಿನ ತಲೆಗೂ ನಡುವೆ ಕಿರುಬೆರಳು ಸಲೀಸಾಗಿ ತೂರದಿದ್ದರೆ ಅಲ್ಲಿ ಮಡ್‌ಗಾರ್ಡ್ ಕೂರುವುದು ಕಷ್ಟ, ಆ ಸೈಕಲ್ ಎಷ್ಟೇ ಅಂದವಾಗಿದ್ದರೂ ನಾನು ಅದನ್ನು ಓಡಾಟಕ್ಕೆಂದು ಆರಿಸುವುದಿಲ್ಲ.